ಔಷಧ ನಿಲ್ಲಿಸಿದರೆ ಹೊಟ್ಟೆಹುಣ್ಣು ಮರಳುತ್ತಿದೆ: ರೇಸ್ ಕುದುರೆಯ ಮೇವಿನಲ್ಲಿ ಏನು ಬದಲಿಸಬೇಕು?

ಲಾಯ_ಮೈಸೂರು
ಥರೋಬ್ರೆಡ್ ಹೆಣ್ಣುಕುದುರೆ, 4 ವರ್ಷ, 450 ಕೆಜಿ. ಎಂಡೋಸ್ಕೋಪಿಯಲ್ಲಿ ಜಠರದ ಮೇಲ್ಭಾಗದಲ್ಲಿ ಗ್ರೇಡ್ 3 (0ಯಿಂದ 4ರ ಅಳತೆಯಲ್ಲಿ) ಹುಣ್ಣು ಕಂಡಿತ್ತು. 28 ದಿನ ಒಮೆಪ್ರಜೋಲ್ (ಆಮ್ಲ ತಗ್ಗಿಸುವ ಔಷಧ) ಕೊಟ್ಟ ಮೇಲೆ ವಾಸಿಯಾಯಿತು. ನಿಲ್ಲಿಸಿದ ಮೇಲೆ ಮತ್ತೆ ದಾಣಿ (ಧಾನ್ಯದ ಮೇವು) ತಿನ್ನದೆ ಬಿಡುತ್ತಿದೆ, ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ದಿನಕ್ಕೆ ಓಟ್ಸ್ 5 ಕೆಜಿ ಮೂರು ಹೊತ್ತಿಗೆ, ಒಣಹುಲ್ಲು 4 ಕೆಜಿ. ಸಂಜೆ 6ರ ನಂತರ ಏನೂ ಇಲ್ಲ, ಬೆಳಗಿನ ತಾಲೀಮು ಖಾಲಿ ಹೊಟ್ಟೆಯಲ್ಲೇ. ಔಷಧ ಮುಂದುವರಿಸುವುದೇ ದಾರಿಯೇ?

ಮೇವು_ತಜ್ಞ
ಕುದುರೆಯ ಜಠರ ಮೇವಿದ್ದರೂ ಇಲ್ಲದಿದ್ದರೂ ಹಗಲುರಾತ್ರಿ ಆಮ್ಲ ಸುರಿಸುತ್ತದೆ, ಅದನ್ನು ತಣಿಸುವ ಜೊಲ್ಲು ಬರುವುದು ಮಾತ್ರ ಅಗಿದಾಗ. ನಡಿಗೆ ಬಿಟ್ಟು ವೇಗ ಹೆಚ್ಚಿದೊಡನೆ ಹೊಟ್ಟೆಯ ಸ್ನಾಯುಗಳು ಜಠರವನ್ನು ಒತ್ತಿ ಆಮ್ಲವನ್ನು ಮೇಲಕ್ಕೇರಿಸುತ್ತವೆ ಎಂದು ಫ್ಲೋರಿಡಾ ವಿಶ್ವವಿದ್ಯಾಲಯದವರು ಟ್ರೆಡ್‌ಮಿಲ್ ಪ್ರಯೋಗದಲ್ಲಿ ತೋರಿಸಿದರು (2002). ಆ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆ ಇಲ್ಲ. ಹಾಗಾಗಿ ನಿಮ್ಮಲ್ಲಿ ಮೊದಲು ಹೋಗಬೇಕಾದದ್ದು ಆ ಖಾಲಿ ಹೊಟ್ಟೆಯ ತಾಲೀಮು.

ಜೀನು ಹಾಕುವ ಅರ್ಧ ಗಂಟೆ ಮೊದಲು ಎರಡು ಲೀಟರ್ ಬೋಗುಣಿ ತುಂಬ ಕತ್ತರಿಸಿದ ಒಣ ಕುದುರೆಮೆಂತೆ (ಲೂಸರ್ನ್ ಮೇವು) ಕೊಡಿ. ಅದರ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಆಮ್ಲವನ್ನು ತಣಿಸುತ್ತವೆ, ಮೇವಿನ ಪದರ ಆಮ್ಲ ಎರಚದಂತೆ ತಡೆಯುತ್ತದೆ. ತಿಂದು ಓಡಿದರೆ ಹೊಟ್ಟೆನೋವು ಬರುತ್ತದೆಂಬ ಭಯ ದಾಣಿಯ ದೊಡ್ಡ ಊಟಕ್ಕೆ ಸರಿ, ಇಷ್ಟು ಮೇವಿಗಲ್ಲ.

ಇನ್ನು ಪಿಷ್ಟ. 2009ರ ಡೆನ್ಮಾರ್ಕ್ ಅಧ್ಯಯನದಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 2 ಗ್ರಾಂ ಪಿಷ್ಟ ಮೀರಿದಾಗಲೂ, ಮೇವಿನ ನಡುವೆ 6 ಗಂಟೆಗಿಂತ ಹೆಚ್ಚು ಅಂತರ ಬಿದ್ದಾಗಲೂ ಹುಣ್ಣು ಹೆಚ್ಚಿತ್ತು. 450 ಕೆಜಿಗೆ ಮಿತಿ 900 ಗ್ರಾಂ ಪಿಷ್ಟ, ಅಂದರೆ ಸುಮಾರು 2 ಕೆಜಿ ಓಟ್ಸ್. ನೀವು ಕೊಡುತ್ತಿರುವುದು ಅದರ ಎರಡೂವರೆ ಪಟ್ಟು. ಹತ್ತು ಹದಿನಾಲ್ಕು ದಿನಗಳಲ್ಲಿ ನಿಧಾನಕ್ಕೆ ಇಳಿಸಿ, ಅರ್ಧ ಕೆಜಿಯಂತೆ ನಾಲ್ಕು ಹೊತ್ತಿಗೆ ಹಂಚಿ. ಹುಲ್ಲನ್ನು 7.5 ಕೆಜಿಗೆ ಏರಿಸಿ, ರಾತ್ರಿಯದನ್ನು ಸಣ್ಣ ಕಣ್ಣಿನ ಎರಡು ಬಲೆಗಳಲ್ಲಿ ಕಟ್ಟಿ. ಉಳಿದ ಶಕ್ತಿಗೆ ಅಡುಗೆ ಎಣ್ಣೆ: 50 ಮಿಲಿಯಿಂದ ಶುರುಮಾಡಿ ಎರಡು ಮೂರು ವಾರದಲ್ಲಿ 300 ಮಿಲಿವರೆಗೆ, ಜೊತೆಗೆ ವಿಟಮಿನ್ ಇ. ಅವಸರಪಟ್ಟರೆ ಲದ್ದಿ ಜಿಡ್ಡಾಗಿ ಸಡಿಲವಾಗುತ್ತದೆ.

ಪಶುವೈದ್ಯ_ಬೆಂಗಳೂರು
ಔಷಧ ಕೊಡುವ ರೀತಿಯನ್ನೂ ನೋಡಿ. ಪ್ರಮಾಣ ಕೆಜಿಗೆ 4 ಮಿಗ್ರಾಂ, ಅಂದರೆ 1.8 ಗ್ರಾಂ, ದಿನಕ್ಕೊಮ್ಮೆ. ನಸುಕಿನಲ್ಲಿ ಮೊದಲು ಅದು, ಮೇವು 30–60 ನಿಮಿಷ ಬಿಟ್ಟು. ದಾಣಿಯಲ್ಲಿ ಕಲಸಿದರೆ ಹೀರಿಕೆ ಕುಸಿಯುತ್ತದೆ. ಮನುಷ್ಯರ ಕ್ಯಾಪ್ಸೂಲ್ ಒಡೆದು ಒಳಗಿನ ಕಾಳನ್ನು ಅರೆದು ಹಾಕುವ ರೂಢಿ ಬಹಳ ಕಡೆ ಇದೆ, ದಯವಿಟ್ಟು ಬೇಡ. ಕಾಳಿನ ಲೇಪನ ಹೋದರೆ ಕರುಳು ಸೇರುವ ಮೊದಲೇ ಆಮ್ಲ ಔಷಧವನ್ನು ಕೆಡಿಸುತ್ತದೆ. ರೇಸಿಗೆ ಎಷ್ಟು ಮುಂಚೆ ನಿಲ್ಲಿಸಬೇಕೆಂಬುದನ್ನು ನಿಮ್ಮ ಕ್ಲಬ್ಬಿನ ಪಶುವೈದ್ಯರಿಂದಲೇ ತಿಳಿಯಿರಿ.

ಎಲೆಕ್ಟ್ರೋಲೈಟ್ ಪೇಸ್ಟನ್ನು ಖಾಲಿ ಹೊಟ್ಟೆಗೆ ಹಿಂಡಬೇಡಿ, ಗಾಢ ಉಪ್ಪು ಹುಣ್ಣನ್ನು ಕೆರಳಿಸುತ್ತದೆ.

ಲಾಯ_ಮೈಸೂರು
ಹುಲ್ಲು ಇಷ್ಟಾದರೆ ಹೊಟ್ಟೆ ಭಾರವಾಗಿ ಓಟ ಕುಗ್ಗುವುದಿಲ್ಲವೇ ಸರ್?

ಮೇವು_ತಜ್ಞ
ಕರುಳಿನಲ್ಲಿ ನೀರು, ನಾರು ಹೆಚ್ಚುವುದು ನಿಜ. ಆದರೆ ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದವರು ಟ್ರಾಟಿಂಗ್ ರೇಸಿನ ಕುದುರೆಗಳನ್ನು ಧಾನ್ಯವಿಲ್ಲದೆ, ಎಳೆಯದಾಗಿ ಕೊಯ್ದ ಹುಲ್ಲಿನ ಮೇಲೆಯೇ ತಾಲೀಮಿನಲ್ಲಿಟ್ಟು ತೋರಿಸಿದ್ದಾರೆ. ಗುಟ್ಟು ಹುಲ್ಲಿನ ಗುಣಮಟ್ಟದಲ್ಲಿದೆ. ಬಲಿತ, ಕಡ್ಡಿಯಂಥ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಶಕ್ತಿ ಕೊಡುವುದಿಲ್ಲ.

ಪಶುವೈದ್ಯ_ಬೆಂಗಳೂರು
ಔಷಧ ನಿಲ್ಲಿಸುವ ಮುನ್ನ ಇನ್ನೊಮ್ಮೆ ಎಂಡೋಸ್ಕೋಪಿ ಮಾಡಿಸಿ, 16 ಗಂಟೆ ಮೇವು ತೆಗೆದು, 3 ಮೀಟರ್ ಉದ್ದದ ಸ್ಕೋಪಿನಿಂದ ಜಠರದ ತುದಿಯವರೆಗೆ. ಕೆಳಭಾಗದಲ್ಲೂ ಹುಣ್ಣಿದ್ದರೆ ಅದು ಬೇರೆಯೇ ಕಾಯಿಲೆ. ಒಮೆಪ್ರಜೋಲ್ ಒಂದರಿಂದಲೇ ಸಾಮಾನ್ಯವಾಗಿ ವಾಸಿಯಾಗದು, ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್ ಔಷಧವನ್ನು ಕೆಜಿಗೆ 12 ಮಿಗ್ರಾಂನಂತೆ ದಿನಕ್ಕೆರಡು ಸಲ ಸೇರಿಸುತ್ತಾರೆ. ವಾರಕ್ಕೆ ಎರಡು ದಿನವಾದರೂ ತಾಲೀಮಿಗೆ ಬಿಡುವು ಬೇಕು. ಆಗ ಕುದುರೆಮೆಂತೆಯ ಒರಟು ದಂಟನ್ನೂ ಆರಿಸಿ ತೆಗೆಯಿರಿ, ಜಠರ ಕರುಳಿಗೆ ತೆರೆಯುವ ಬಾಯಿ ಬಳಿ ಗೀರಬಹುದು.