ಚಿಕ್ಕಪ್ಪನ ಬ್ಯಾಂಡಿನ ಡೆಮೊ ಕ್ಯಾಸೆಟ್ ಉಲ್ಟಾ ಹಾಡುತ್ತಿದೆ, ಉಳಿಸೋದು ಹೇಗೆ?

ಗೂಳೂರು_ಹುಡುಗ:
ನಮ್ಮ ಚಿಕ್ಕಪ್ಪ ತುಮಕೂರಿನಲ್ಲಿ ಕಾಲೇಜು ಓದುವಾಗ ಮೂವರು ಗೆಳೆಯರ ಜೊತೆ ರಾಕ್ ಬ್ಯಾಂಡ್ ಕಟ್ಟಿದ್ದರು. ಎಲ್ಲಾ ನಗಿಸುವ ಹಾಡುಗಳೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೊಂದು, ಬೆಂಗಳೂರು ಟ್ರೈನಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವವರ ಮೇಲೊಂದು. ಮನೆಯಲ್ಲೇ ರೆಕಾರ್ಡ್ ಮಾಡಿದ ಟೇಪು ಮೊನ್ನೆ ಅಟ್ಟದಲ್ಲಿ ಸಿಕ್ಕಿತು. ಚಿಕ್ಕಪ್ಪ ಈಗ ಇಲ್ಲ. ಎ ಸೈಡ್ ಹಾಕಿದರೆ ಗಿಟಾರು, ಡ್ರಮ್ಸು ಮಾತ್ರ, ಅದೂ ಎಳೆದೆಳೆದು ಬರುತ್ತದೆ. ಬಿ ಸೈಡಿನಲ್ಲಿ ಯಾರೋ ಹಿಂದುಮುಂದಾಗಿ ಗೊಣಗಿದ ಹಾಗೆ. ರಿಪೇರಿಯವರು ಟೇಪ್ ಹೋಗಿದೆ, ಬಿಸಾಕಿ ಅಂದರು. ನಿಜಾನಾ?

ಹಳೇ_ರೀಲು:
ದಯವಿಟ್ಟು ಬಿಸಾಕಬೇಡಿ! ಟೇಪ್ ಸರಿಯಾಗೇ ಇದೆ. ಅದು ಫೋರ್ ಟ್ರ್ಯಾಕ್ ಮಷೀನಿನಲ್ಲಿ, ಅಂದರೆ ಒಂದೇ ಟೇಪಿನ ನಾಲ್ಕು ಪಟ್ಟಿಗಳಲ್ಲಿ (ಟ್ರ್ಯಾಕ್) ವಾದ್ಯ, ದನಿ ಬೇರೆ ಬೇರೆಯಾಗಿ ತುಂಬುವ ಮಷೀನಿನಲ್ಲಿ ರೆಕಾರ್ಡ್ ಆಗಿದೆ, 1979ರಲ್ಲಿ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ ಬಂದ ಮೇಲೆ ಮನೆಯಲ್ಲಿ ಡೆಮೊ ಮಾಡುವವರು ಇಂಥದ್ದನ್ನೇ ಬಳಸುತ್ತಿದ್ದರು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಸೈಡಿಗೆ ಎರಡು ಟ್ರ್ಯಾಕ್. ಇದರಲ್ಲಿ ನಾಲ್ಕೂ ಒಂದೇ ದಿಕ್ಕಿಗೆ ಓಡುತ್ತವೆ, ಹಾಗಾಗಿ ತಿರುಗಿಸಿ ಹಾಕಿದರೆ ಉಳಿದ ಎರಡು ಉಲ್ಟಾ ಕೇಳಿಸುತ್ತವೆ. ನಮ್ಮ ಟೇಪ್ ರೆಕಾರ್ಡರ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ., ಅಂಥ ಮಷೀನು 9.5. ಎಳೆಯುವುದು ಅದಕ್ಕೇ.

ಸ್ಟೀರಿಯೋ ಡೆಕ್ಕಿನಿಂದ ಎರಡೂ ಸೈಡನ್ನು ಕಂಪ್ಯೂಟರಿಗೆ ಹಾಕಿಕೊಳ್ಳಿ. ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಬಿ ಸೈಡ್ ರಿವರ್ಸ್ ಮಾಡಿ, ಎರಡರದ್ದೂ ಸ್ಪೀಡ್ ಡಬಲ್ ಮಾಡಿ. ಟೆಂಪೋ ಅಲ್ಲ, ಸ್ಪೀಡ್. ಪಿಚ್, ಅಂದರೆ ಶ್ರುತಿ ಕೂಡ ಏರಬೇಕು.

ಮಧುಗಿರಿ_ಮೇಷ್ಟ್ರು:
ಮೊದಲು ಬೂಸ್ಟು ಹಿಡಿದಿದೆಯಾ ನೋಡಿ, ಬಿಳಿ ಪುಡಿ ಕಂಡರೆ ಪ್ಲೇ ಮಾಡಲೇಬೇಡಿ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಪ್ಯಾಡ್ ಉದುರಿದೆಯಾ ಅಂತಲೂ ನೋಡಿ. ಕ್ಯಾಸೆಟ್ಟಿನ ಬೆನ್ನಿನ ಎರಡೂ ಪುಟ್ಟ ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಅಪ್ಪಿತಪ್ಪಿ ಅದರ ಮೇಲೇ ರೆಕಾರ್ಡ್ ಆದರೆ ಮುಗೀತು. ಎರಡು ಸೈಡು ಒಟ್ಟಿಗೆ ಕೂಡಿಸಿದಾಗ ಪೂರ್ತಿ ತಾಳಕ್ಕೆ ಕೂರುವುದಿಲ್ಲ, ಸ್ವಲ್ಪ ಸ್ವಲ್ಪ ಜಾರುತ್ತದೆ. ಹಾಡು ಹಾಡಿಗೆ ಬೇರೆಯಾಗಿ ಕೂಡಿಸಿ.

ಗೂಳೂರು_ಹುಡುಗ:
ಬಂತು! ನಿನ್ನೆ ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ. ಚಿಕ್ಕಪ್ಪನ ದನಿ ಎಷ್ಟು ಎಳೆಯದು ಅಂದರೆ ನನಗಿಂತ ಚಿಕ್ಕವರ ಹಾಗೆ ಕೇಳಿಸುತ್ತದೆ. ಇಡ್ಲಿ ಹಾಡಿನ ನಡುವೆ ನಗು ತಡೆಯಲಾಗದೆ ನಿಲ್ಲಿಸುತ್ತಾರೆ, ಆಗ ಅಡುಗೆಮನೆಯಿಂದ ಅಜ್ಜಿ "ಕಾಫಿ ಆರೋಗ್ತೈತೆ, ಬರ್ರೋ" ಅಂತ ಕೂಗುತ್ತಾರೆ. ಅದನ್ನು ಕಟ್ ಮಾಡಿ ಹಾಡು ಕೂಡಿಸಲಾ?

ಹಳೇ_ರೀಲು:
ಬೇಡ ಮಾರಾಯ. ಅಜ್ಜಿ ಇರಲಿ.