ಕ್ಯಾನ್ಸರ್ ಸ್ಟೆಮ್ ಸೆಲ್‌ಗೇ ವ್ಯಾಕ್ಸಿನ್ ಯಾಕೆ ಇನ್ನೂ ಬಂದಿಲ್ಲ?

ಹಸಿರುಶಾಯಿ:
ಕೀಮೋ ಕೊಟ್ಟಾಗ ಗಡ್ಡೆ ಕರಗುತ್ತೆ, ಆದರೆ ಸ್ಟೆಮ್ ಸೆಲ್ (ಬೇರೆ ಕೋಶಗಳನ್ನು ಹುಟ್ಟಿಸೋ ಮೂಲ ಕೋಶ) ಥರದ ಒಂದಷ್ಟು ಕೋಶಗಳು ಉಳಿದುಕೊಂಡು ಮತ್ತೆ ಗಡ್ಡೆ ಕಟ್ಟುತ್ತವೆ ಅಂತ ಓದಿದೆ. ಅವನ್ನೇ ಹುಡುಕಿ ಹೊಡೆಯೋಕೆ ವ್ಯಾಕ್ಸಿನ್ ಮಾಡಿದರೆ ಆಯ್ತಲ್ವಾ? ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಪಿಪೆಟ್_ರಾಯ:
ಇಲಿಗಳಲ್ಲಿ ಆಗಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಎಎಲ್‌ಡಿಎಚ್ ಅನ್ನೋ ಕಿಣ್ವ ಜಾಸ್ತಿ ಇರುವ, ಅಂದರೆ ಸ್ಟೆಮ್ ಥರದ, ಕೋಶಗಳನ್ನು ಗಡ್ಡೆಯಿಂದ ಬೇರ್ಪಡಿಸಿ, ಒಡೆದು, ಆ ಸಾರವನ್ನು ಡೆಂಡ್ರಿಟಿಕ್ ಕೋಶಗಳಿಗೆ ಉಣಿಸಿ ವಾಪಸ್ ಚುಚ್ಚಿದರು (2012). ಡೆಂಡ್ರಿಟಿಕ್ ಕೋಶದ ಕೆಲಸವೇ ಟಿ ಕೋಶಗಳಿಗೆ (ರೋಗನಿರೋಧಕ ವ್ಯವಸ್ಥೆಯ ಸೈನಿಕರು) ಶತ್ರುವಿನ ಗುರುತು ತೋರಿಸೋದು. 2016ರಲ್ಲಿ ಇನ್ನೂ ಚೆನ್ನಾಗಿ ಮಾಡಿದರು: ಮೊದಲು ಆಪರೇಷನ್ ಮಾಡಿ ಗಡ್ಡೆ ತೆಗೆದು, ಆಮೇಲೆ ವ್ಯಾಕ್ಸಿನ್, ಜೊತೆಗೆ ಪಿಡಿ-ಎಲ್1 ಅನ್ನೋ ಪ್ರೋಟೀನ್ ತಡೆಯುವ ಆಂಟಿಬಾಡಿ. ಎರಡೂ ಸೇರಿದಾಗ ಇಲಿಗಳು ಹೆಚ್ಚು ದಿನ ಬದುಕಿದವು. ಟಿ ಕೋಶ ಗಡ್ಡೆ ಹತ್ತಿರ ಹೋದರೂ ಅಲ್ಲಿ ಪಿಡಿ-ಎಲ್1 ಅದನ್ನು ಸುಮ್ನಿರಿಸಿಬಿಡುತ್ತೆ, ಅದಕ್ಕೇ ಬರೀ ವ್ಯಾಕ್ಸಿನ್ ಸಾಲಲ್ಲ.

ಕಾಫಿಪುಡಿ:
ಮನುಷ್ಯರ ಮೇಲೂ ನೋಡಿದ್ದಾರೆ. ಗ್ಲಿಯೋಬ್ಲಾಸ್ಟೋಮಾ ಅನ್ನೋ ಮೆದುಳಿನ ಕ್ಯಾನ್ಸರ್‌ಗೆ ಐಸಿಟಿ-107 ಅಂತ ಒಂದು ಡೆಂಡ್ರಿಟಿಕ್ ವ್ಯಾಕ್ಸಿನ್. ಆರು ಪೆಪ್ಟೈಡ್ (ಪ್ರೋಟೀನ್ ತುಣುಕು), ಅದರಲ್ಲಿ ಕೆಲವು ಸ್ಟೆಮ್ ಸೆಲ್‌ಗಳಲ್ಲೂ ಸಿಗುವಂಥವು. ಎರಡನೇ ಹಂತದ ಟ್ರಯಲ್‌ನಲ್ಲಿ 124 ಜನ. ಕಾಯಿಲೆ ಮತ್ತೆ ಬೆಳೆಯೋದು ಸುಮಾರು ಎರಡು ತಿಂಗಳು ತಡವಾಯ್ತು, ಆದರೆ ಆಯಸ್ಸು ಹೆಚ್ಚಿತು ಅಂತ ಖಚಿತವಾಗಿ ತೋರಿಸೋಕೆ ಆಗಲಿಲ್ಲ. ಮೂರನೇ ಹಂತ 2017ರಲ್ಲಿ ನಿಂತಿದ್ದು ದುಡ್ಡು ಸಾಲದೆ! ವಿಜ್ಞಾನ ಸೋತು ಅಲ್ಲ, ಅದೇ ಬೇಜಾರು.

ಸಂಶಯಾತ್ಮ:
ದುಡ್ಡೊಂದೇ ಕಾರಣ ಅಲ್ಲ. ಈ ಕೋಶಗಳಿಗೆ ಅಂತಲೇ ಇರುವ ಗುರುತು ಎಲ್ಲಿದೆ ಹೇಳಿ? ಗುರುತು ಅಂತ ಬಳಸೋ ಸಿಡಿ44 ಪ್ರೋಟೀನ್ ನಮ್ಮ ಒಳ್ಳೆ ಕೋಶಗಳ ಮೇಲೂ ಇದೆ, ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳಲ್ಲೂ ಎಎಲ್‌ಡಿಎಚ್ ಜಾಸ್ತಿ. ಸಾಲದ್ದಕ್ಕೆ ಸಾಮಾನ್ಯ ಕ್ಯಾನ್ಸರ್ ಕೋಶವೇ ತಿರುಗಿ ಸ್ಟೆಮ್ ಥರ ಆಗಬಹುದು, ಅಂದರೆ ಇವತ್ತು ಎಲ್ಲವನ್ನೂ ಕೊಂದರೂ ನಾಳೆ ಹೊಸದು. 2008ರಲ್ಲಿ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ರೋಗನಿರೋಧಕ ಶಕ್ತಿ ತೀರಾ ಇಲ್ಲದ ಇಲಿಗಳಿಗೆ ಹಾಕಿ ನೋಡಿದರೆ, ಸುಮಾರು ನಾಲ್ಕರಲ್ಲಿ ಒಂದು ಕೋಶ ಗಡ್ಡೆ ಕಟ್ಟಿತ್ತು. ಆ ಕ್ಯಾನ್ಸರ್‌ನಲ್ಲಿ 'ಬೆರಳೆಣಿಕೆಯ ಸ್ಟೆಮ್ ಸೆಲ್' ಅನ್ನೋ ಮಾತೇ ನಿಲ್ಲಲ್ಲ.

ಹಸಿರುಶಾಯಿ:
ಓಹ್. ಮತ್ತೆ ವಾಟ್ಸಾಪ್‌ನಲ್ಲಿ ಇಂಥ ವ್ಯಾಕ್ಸಿನ್ ಕೊಡ್ತೀವಿ ಅಂತ ಲಕ್ಷಗಟ್ಟಲೆ ರೇಟ್ ಹೇಳ್ತಿರೋರು?

ಪಿಪೆಟ್_ರಾಯ:
ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನಂಬರ್ ಕೇಳಿ. ನಮ್ಮ ದೇಶದ ಟ್ರಯಲ್‌ಗಳು ಅಲ್ಲಿ ನೋಂದಣಿ ಆಗಿರಲೇಬೇಕು, ವೆಬ್‌ಸೈಟಲ್ಲಿ ಯಾರು ಬೇಕಾದರೂ ಹುಡುಕಬಹುದು. ನಂಬರ್ ಕೊಡದಿದ್ದರೆ ಬ್ಲಾಕ್ ಮಾಡಿ.