ಸಿವಿಲ್ ಮುಗೀತು, ಈಗ ಸೈಟಿಗೆ ಹೋಗ್ಲಾ, ಡಿಸೈನ್ ಆಫೀಸಿಗಾ, ಇಲ್ಲ ಮಾಸ್ಟರ್ಸಾ?

ಹೊಸ_ಇಂಜಿನಿಯರ್:
ನಮಸ್ಕಾರ ಎಲ್ರಿಗೂ. ಸಿವಿಲ್ ಇಂಜಿನಿಯರಿಂಗ್ ಡಿಗ್ರಿ ಈಗಷ್ಟೇ ಮುಗೀತು. ಎರಡು ಕಡೆ ಕೆಲಸ ಸಿಕ್ಕಿದೆ, ಒಂದು ಸ್ಟ್ರಕ್ಚರಲ್ ಡಿಸೈನ್ ಆಫೀಸು, ಮಾಡೆಲಿಂಗು, ಡ್ರಾಯಿಂಗ್ ಚೆಕಿಂಗು ಅಂದ್ರು, ಇನ್ನೊಂದು ಹನ್ನೆರಡು ಮಹಡಿ ಬಿಲ್ಡಿಂಗ್ ಸೈಟಲ್ಲಿ ಜೂನಿಯರ್ ಇಂಜಿನಿಯರ್. ಸ್ಟ್ರಕ್ಚರ್ಸ್ ಅಂದ್ರೆ ನಂಗೆ ತುಂಬಾ ಇಷ್ಟ. ಆದ್ರೆ ನಮ್ಮ ಲೆಕ್ಚರರ್ ಒಬ್ರು ಈಗ್ಲೇ ಮಾಸ್ಟರ್ಸ್ ಮಾಡ್ಬಿಡು, ಸಂಬಳ ನೋಡಿದ್ಮೇಲೆ ಮತ್ತೆ ಪುಸ್ತಕ ಹಿಡಿಯಲ್ಲ ಅಂತಾರೆ, ಸೀನಿಯರ್ಸ್ ಸೈಟಿಗೆ ಹೋದ್ರೆ ಅಲ್ಲೇ ಉಳ್ಕೋತೀಯ ಅಂತಾರೆ. ನಿಜ ಹೇಳ್ಬೇಕಂದ್ರೆ ನಾಲ್ಕು ವರ್ಷ ಬೀಮ್ ಡಿಸೈನ್ ಮಾಡಿ ಮಾರ್ಕ್ಸ್ ತಗೊಂಡಿದೀನಿ, ಕಂಬಿ ಕಟ್ಟೋದನ್ನ ಹತ್ರ ನಿಂತು ನೋಡಿದ್ದು ಒಂದೇ ಸಲ. ಅನುಭವ ಇರೋರು ದಯವಿಟ್ಟು ಹೇಳಿ.

ಕಂಬಿಲೆಕ್ಕ:
ನಾನು ಮೊದಲು ಎರಡು ವರ್ಷ ಸೈಟು, ಆಮೇಲೆ ಡಿಸೈನಿಗೆ ಬಂದು ಒಂಬತ್ತು ವರ್ಷ ಆಯ್ತು. ನಿಮ್ಮ ಜಾಗದಲ್ಲಿದ್ರೆ ಸೈಟೇ ತಗೋತಿದ್ದೆ, ಆದ್ರೆ ಎರಡು ವರ್ಷಕ್ಕೆ ಅಂತ ಮನಸಲ್ಲಿ ಗಟ್ಟಿ ಮಾಡ್ಕೊಂಡು.

ಯಾಕಂದ್ರೆ ಒಂದು ಉದಾಹರಣೆ ಹೇಳ್ತೀನಿ. ನಾನು ಸೇರಿದ ಹೊಸದ್ರಲ್ಲಿ ಒಂದು ಬಾಲ್ಕನಿ ಸ್ಲ್ಯಾಬು, ಕ್ಯಾಂಟಿಲಿವರ್ (ಒಂದೇ ಕಡೆ ಆಸರೆ, ಇನ್ನೊಂದು ತುದಿ ಹೊರಗೆ ಚಾಚಿರೋದು), 150 ಎಂಎಂ ದಪ್ಪ. ಕ್ಯಾಂಟಿಲಿವರ್‌ನಲ್ಲಿ ಮೇನ್ ಕಂಬಿ ಮೇಲ್ಗಡೆ ಇರುತ್ತೆ ಅಂತ ಪರೀಕ್ಷೇಲಿ ಬರ್ದಿದ್ದೆ, ಗೊತ್ತಿತ್ತು. ಬೆಳಿಗ್ಗೆ ಚೆಕ್ ಮಾಡಿ ಸರಿ ಇದೆ ಅಂತ ಸೈನ್ ಹಾಕಿ ಹೋದೆ, ಚೇರ್‌ಗಳು (ಮೇಲಿನ ಕಂಬೀನ ಎತ್ತಿ ಹಿಡಿಯೋ ಸ್ಟ್ಯಾಂಡುಗಳು) ದೂರ ದೂರ ಇಟ್ಟಿದ್ರು, ಅದು ನನ್ನ ಕಣ್ಣಿಗೆ ಬೀಳ್ಲಿಲ್ಲ. ಕಾಂಕ್ರೀಟ್ ಹಾಕೋ ಹೊತ್ತಿಗೆ ಜನ ಅದ್ರ ಮೇಲೇ ಓಡಾಡಿ ಕಂಬಿ ತುಳಿದು ಕೆಳಗೆ ಹೋಗಿತ್ತು. ಎಫೆಕ್ಟಿವ್ ಡೆಪ್ತ್, ಅಂದ್ರೆ ಸ್ಲ್ಯಾಬಿನ ತಳದಿಂದ ಮೇನ್ ಕಂಬಿ ಮಧ್ಯಕ್ಕಿರೋ ಎತ್ತರ, 120 ಎಂಎಂ ಇರ್ಬೇಕಾದ್ದು 90ಕ್ಕೆ ಇಳಿದ್ರೆ ಆ ಸ್ಲ್ಯಾಬ್ ತಡೆಯೋ ಮೊಮೆಂಟ್‌ನಲ್ಲಿ (ಲೋಡಿಂದ ಬಗ್ಗಿಸೋ ಪರಿಣಾಮ) ಹತ್ರ ಹತ್ರ ಕಾಲು ಭಾಗ ಹೋದ ಹಾಗೆ, ಕಂಪ್ಯೂಟರಲ್ಲಿರೋ ಮಾಡೆಲ್‌ಗೆ ಇದು ಗೊತ್ತೇ ಆಗಲ್ಲ. ಪುಣ್ಯಕ್ಕೆ ಒಬ್ಬ ಹಳೇ ಬಾರ್ ಬೆಂಡರ್ ನೋಡಿ ಕೂಗಿ ನಿಲ್ಲಿಸಿದ, ಕಂಬಿ ಎತ್ತಿ ಚೇರ್ ಹಾಕ್ಸಿ ಮುಂದುವರಿಸಿದ್ವಿ. ಅವತ್ತಿಂದ ನಾನು ಮಾಡೋ ಪ್ರತಿ ಡ್ರಾಯಿಂಗಲ್ಲಿ ಚೇರ್ ಎಷ್ಟು ಅಂತರಕ್ಕೆ ಅಂತ ಬರ್ದೇ ಬರೀತೀನಿ.

ಸೈಟಲ್ಲಿ ಇದ್ದಾಗ ಸುಮ್ನೆ ಫೋಟೋ ಕಳಿಸ್ತಾ ಕೂರ್ಬೇಡಿ, ಬಾರ್ ಬೆಂಡಿಂಗ್ ಶೆಡ್ಯೂಲ್ (ಕಂಬಿ ಕತ್ತರಿಸಿ ಬಗ್ಗಿಸೋ ಪಟ್ಟಿ) ನೀವೇ ಮಾಡಿ, ಲೆವೆಲ್ ನೀವೇ ಹಿಡೀರಿ, ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲ ಅನ್ನೋ ಅಳತೆ) ಕಮ್ಮಿ ಬಂತು ಅಂತ ನೀರು ಸೇರ್ಸೋಕೆ ಬಂದ್ರೆ ಯಾಕೆ ಬೇಡ ಅಂತ ಹೇಳೋಕೆ ಕಲೀರಿ, 28 ದಿನಕ್ಕೆ ಕಾಂಕ್ರೀಟಿನ ಬಲ ನೋಡೋಕೆ ಟೆಸ್ಟ್ ಕ್ಯೂಬ್ ಒಡೆಯುವಾಗ ಲ್ಯಾಬಲ್ಲಿ ನಿಂತ್ಕೊಂಡು ನೋಡಿ.

ಬೋರ್‌ಲಾಗ್:
ಮೇಲಿನವ್ರು ಹೇಳಿದ್ದು ಸ್ಟ್ರಕ್ಚರ್ಸ್‌ಗೆ ಸರಿ, ಆದ್ರೆ ಎಲ್ರಿಗೂ ಅನ್ವಯಿಸಲ್ಲ. ನಾನು ಜಿಯೋಟೆಕ್, ಅಂದ್ರೆ ಮಣ್ಣು, ಅಡಿಪಾಯದ ಇಂಜಿನಿಯರಿಂಗ್. ಡಿಗ್ರೀಲಿ ಮಣ್ಣಿನ ಬಗ್ಗೆ ಕಲಿಸೋದು ಒಂದೆರಡು ಪೇಪರು, ಅಷ್ಟ್ರಲ್ಲಿ ಏನೂ ಆಗಲ್ಲ, ಮಾಸ್ಟರ್ಸ್ ಇಲ್ದೆ ಈ ಕಡೆ ಬರೋದು ಕಷ್ಟ. ಭೂಕಂಪ, ಡ್ಯಾಮ್, ಟನೆಲ್ ಇಂಥದ್ರಲ್ಲಿ ಆಸಕ್ತಿ ಇದ್ರೆ ಗಣಿತ ಇನ್ನೂ ತಲೇಲಿ ಇರುವಾಗ್ಲೇ ಓದ್ಬಿಡಿ.

ಪೀಸಾ ಗೋಪುರ ತಗೊಳ್ಳಿ. 1173ರಲ್ಲಿ ಶುರು ಮಾಡಿದ್ರು, ಮೂರನೇ ಮಹಡಿ ಹೊತ್ತಿಗೇ ವಾಲೋಕೆ ಶುರುವಾಯ್ತು, ಆಮೇಲೆ ಯುದ್ಧಗಳಿಂದ ಸುಮಾರು ನೂರು ವರ್ಷ ಕೆಲಸ ನಿಂತೋಯ್ತು. ಆ ಗ್ಯಾಪಲ್ಲಿ ಕೆಳಗಿನ ಜೇಡಿಮಣ್ಣು ನಿಧಾನಕ್ಕೆ ನೀರು ಬಿಟ್ಕೊಂಡು ಗಟ್ಟಿಯಾಯ್ತು, ಇಲ್ದಿದ್ರೆ ಆಗ್ಲೇ ಬಿದ್ದಿರೋದು. ಈ ನಮ್ಮ ಕಾಲದಲ್ಲಿ ಅದನ್ನ ಉಳಿಸಿದ್ದು ಹೇಗೆ ಅಂದ್ರೆ, ವಾಲಿದ ಕಡೆಗೆ ಆಸರೆ ಕೊಟ್ಟು ಎತ್ತಿದ್ದಲ್ಲ, ಎದುರುಗಡೆ ಉತ್ತರ ದಿಕ್ಕಿನ ಮಣ್ಣನ್ನ ಸ್ವಲ್ಪ ಸ್ವಲ್ಪ ತೆಗೆದ್ರು, ವಾಲು ಐದೂವರೆ ಡಿಗ್ರಿಯಿಂದ ನಾಲ್ಕರ ಹತ್ರಕ್ಕೆ ಬಂತು. ಇದನ್ನ ಓದಿದಾಗ ಮೈ ಜುಮ್ ಅಂದಿದ್ರೆ ನೀವು ನಮ್ಮವ್ರು, ಬನ್ನಿ.

ಡ್ರಾಯಿಂಗ್_ಚೆಕರ್:
ನಂದು ಬರೀ ಆಫೀಸು. ಆಫೀಸ್ ಆರಿಸಿಕೊಂಡ್ರೆ ತಪ್ಪೇನಿಲ್ಲ, ಆದ್ರೆ ಒಂದು ಕೇಳಿ: ನನ್ನ ಲೆಕ್ಕಾನ ಕೂತು ಚೆಕ್ ಮಾಡೋರು ಯಾರು ಅಂತ. ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಬೇಡ. 1981ರಲ್ಲಿ ಕಾನ್ಸಾಸ್ ಸಿಟೀಲಿ ಹಯಾಟ್ ಹೋಟೆಲ್ ವಾಕ್‌ವೇ ಬಿದ್ದು 114 ಜನ ಸತ್ರು. ಒಂದರ ಕೆಳಗೊಂದು ನೇತುಹಾಕಿದ್ದ ಎರಡು ವಾಕ್‌ವೇಗೂ (ಓಡಾಡೋ ಸೇತುವೆ) ಮೇಲಿಂದ ಕೆಳಗಿನವರೆಗೆ ಒಂದೇ ಉದ್ದನೆಯ ರಾಡ್ ಅಂತ ಇದ್ದದ್ದನ್ನ ಎರಡು ತುಂಡು ರಾಡ್ ಮಾಡಿದ್ರು, ನೋಡೋಕೆ ಸಣ್ಣ ಬದಲಾವಣೆ, ಆದ್ರೆ ಮೇಲಿನ ಬೀಮ್ ಕೆಳಗಿನ ನಟ್ ಮೇಲೆ ಲೋಡ್ ಡಬಲ್ ಆಯ್ತು, ಆ ಕನೆಕ್ಷನ್ನಿಗೆ ಮತ್ತೆ ಲೆಕ್ಕ ಹಾಕ್ದೇನೇ ಅಪ್ರೂವ್ ಆಗೋಯ್ತು. ಮೊದಲ ಕೆಲಸದಲ್ಲಿ ತಪ್ಪು ತೋರ್ಸೋ ಸೀನಿಯರ್ ಸಿಗೋದು ಸಾಫ್ಟ್‌ವೇರ್ ಕಲಿಯೋದಕ್ಕಿಂತ ದೊಡ್ಡದು.

ಇನ್ನೊಂದು, ಎಲ್ಲಿಗೇ ಸೇರಿ, ಏನು ಕೆಲಸ ಮಾಡಿದ್ರಿ, ಯಾವ ನಿರ್ಧಾರ ಯಾಕೆ ತಗೊಂಡ್ರಿ ಅಂತ ಮೊದಲ ದಿನದಿಂದ ಡೈರೀಲಿ ಬರ್ದಿಡಿ. ಅಮೆರಿಕದ ಪಿಇ (ಪ್ರೊಫೆಷನಲ್ ಇಂಜಿನಿಯರ್ ಲೈಸೆನ್ಸ್), ಬ್ರಿಟನ್ನಿನ ಚಾರ್ಟರ್ಡ್ ಇಂಜಿನಿಯರ್ ಅರ್ಹತೆ, ಎರಡಕ್ಕೂ ಕೆಲಸದ ಅನುಭವ ತೋರಿಸ್ಬೇಕು, ಆಮೇಲೆ ನೆನಪು ಮಾಡ್ಕೊಂಡು ಬರಿಯೋಕೆ ಆಗಲ್ಲ.

ಹೊಸ_ಇಂಜಿನಿಯರ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡಿಸೈನ್ ಆಫೀಸಿಗೆ ಫೋನ್ ಮಾಡಿ ಚೆಕ್ ಮಾಡೋರು ಯಾರು ಅಂತ ಕೇಳ್ದೆ, ಎಲ್ಲಾ ಸಾಫ್ಟ್‌ವೇರೇ ನೋಡ್ಕೊಳುತ್ತೆ ಅಂದ್ರು. ಸೈಟಿಗೆ ಹೂಂ ಅಂದಿದೀನಿ. ಕಂಬಿಲೆಕ್ಕ ಸರ್, ಚೇರ್ ಸಾಮಾನ್ಯವಾಗಿ ಎಷ್ಟು ದೂರಕ್ಕೊಂದು ಇಡಿಸ್ತೀರಿ?

ಕಂಬಿಲೆಕ್ಕ:
ಸುಮಾರು ಒಂದು ಮೀಟರ್, ಕಂಬಿ ಸಣ್ಣದಿದ್ರೆ ಇನ್ನೂ ಹತ್ರ. ಡ್ರಾಯಿಂಗಲ್ಲಿ ಕೊಟ್ಟಿದ್ರೆ ಅದೇ ಮಾಡಿ. ಇಟ್ಟಾದ್ಮೇಲೆ ನೀವೇ ಒಂದ್ಸಲ ಮೇಲೆ ನಡೆದು ನೋಡಿ, ಕಂಬಿ ಬಗ್ಗಿದ್ರೆ ಸಾಕಾಗಿಲ್ಲ ಅಂತ ಅರ್ಥ.